ನಕ್ಷೆಗೆ ಬಂದ ಕಾಂಡ್ಲಾಕಾಡು

ಅಂಬರನಾಥದಿಂದ ಥಾಣೆಗೆ ಸ್ಲೋ ಲೋಕಲ್ ಹಿಡಿದರೆ ಡೊಂಬಿವಲಿ ದಾಟಿದ ಮೇಲೆ ಖಾಡಿಯ (ಉಬ್ಬರವಿಳಿತದ ಹಿನ್ನೀರಿನ) ಕಡೆ ಕಾಂಡ್ಲಾಕಾಡು ಕಾಣತೊಡಗುತ್ತದೆ. ಇಳಿತದ ಹೊತ್ತಾದರೆ ಮರಗಳ ಬುಡದ ಸುತ್ತ ಉಸಿರುಬೇರುಗಳು ಮೊಳೆ ನೆಟ್ಟಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಲಾರಿಗಟ್ಟಲೆ ಮಣ್ಣು ಸುರಿದು, ಉಬ್ಬರದ ನೀರು ಬಾರದಂತೆ ತಡೆದು, ಮರ ಒಣಗಿದ ಮೇಲೆ ‘ಇಲ್ಲಿ ಕಾಡೆಲ್ಲಿತ್ತು?’ ಎಂದು ಕೇಳುವುದು ಈ ಸೀಮೆಯಲ್ಲಿ ಬಹುಕಾಲ ನಡೆದುಬಂತು. ಹಾಗೆ ಕೇಳುವವರ ಮುಂದೆ ಹಿಡಿಯಲು ನಮ್ಮ ಬಳಿ ಈಗ ಒಂದು ನಕ್ಷೆಯಿದೆ.

ಅದರ ಬೇರು 1988ರಲ್ಲಿದೆ. ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾಗಿದ್ದಾಗ, ಆ ವರ್ಷ ಮಾರ್ಚ್ 17ರಂದು, ಐಆರ್‌ಎಸ್-1ಎ ಉಪಗ್ರಹ ಬೈಕನೂರಿನಿಂದ ಮೇಲೇರಿತು. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಬಲವಾಗಿ ಹಿಮ್ಮರಳಿಸುತ್ತದೆ. ನೀರು ಅದನ್ನು ಹೀರಿಕೊಳ್ಳುತ್ತದೆ. ಆ ಕಿರಣಕ್ಕೆ ಕೆಂಪು ಬಣ್ಣ ಕೊಟ್ಟು ಚಿತ್ರ ಮೂಡಿಸಿದರೆ ಗಿಡಮರಗಳೆಲ್ಲ ಕೆಂಪು. ಕೆಳಗಿನ ಒದ್ದೆ ಕೆಸರಿನಿಂದಾಗಿ ಕಾಂಡ್ಲಾ ಮಾತ್ರ ಕಡುಗೆಂಪಾಗಿ, ಖಾಡಿಯ ಅಂಚಿಗೆ ಅಂಟಿಕೊಂಡು ಕಾಣುತ್ತದೆ. ಆದರೆ ಆ ಉಪಗ್ರಹದ ಹೆಚ್ಚು ಸೂಕ್ಷ್ಮವಾದ ಕ್ಯಾಮೆರಾಗೂ ಸುಮಾರು 36 ಮೀಟರ್ ಅಗಲದ ನೆಲವೆಲ್ಲ ಒಂದೇ ಚುಕ್ಕೆ. ರಸ್ತೆಬದಿಯ ತೆಳುವಾದ ಕಾಂಡ್ಲಾ ಸಾಲು ಆ ಚುಕ್ಕೆಯೊಳಗೇ ಕಳೆದುಹೋಗುತ್ತಿತ್ತು. 2003ರಲ್ಲಿ ಹೋದ ರಿಸೋರ್ಸ್‌ಸ್ಯಾಟ್-1ರಲ್ಲಿ ಚುಕ್ಕೆ 5.8 ಮೀಟರಿಗೆ ಇಳಿಯಿತು.

ಸರಿಸುಮಾರು ಅದೇ ಹೊತ್ತಿಗೆ ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಕಾಂಡ್ಲಾ ನಾಶದ ವಿರುದ್ಧ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತ್ತು. 2005ರ ಅಕ್ಟೋಬರ್ 6ರ ಆದೇಶ ರಾಜ್ಯದಾದ್ಯಂತ ಕಾಂಡ್ಲಾ ಕಡಿಯುವುದನ್ನು ನಿಲ್ಲಿಸಿತು, ಕಾಡಿನ ಸುತ್ತ 50 ಮೀಟರ್ ಒಳಗೆ ಕಟ್ಟಡ ಕೂಡದೆಂದಿತು. ನನ್ನ ಮಟ್ಟಿಗೆ ಇದಕ್ಕಿಂತಲೂ ದೊಡ್ಡದು, ಉಪಗ್ರಹ ಚಿತ್ರದಿಂದ ಕಾಡಿನ ನಕ್ಷೆ ಮಾಡಿಸಬೇಕೆಂಬ ಮಾತು. ಕಾಡು ಎಲ್ಲಿಗೆ ಮುಗಿಯುತ್ತದೆಂದೇ ಗೊತ್ತಿಲ್ಲದಿದ್ದರೆ 50 ಮೀಟರನ್ನು ಎಲ್ಲಿಂದ ಅಳೆಯುವುದು? ನಾಗಪುರದ ಮಹಾರಾಷ್ಟ್ರ ದೂರಸಂವೇದಿ ಕೇಂದ್ರ ಮುಂಬಯಿ, ನವಿ ಮುಂಬಯಿಯಿಂದ ಕೆಲಸ ಶುರುಮಾಡಿತು. ಚಿತ್ರದ ಕೆಂಪು ಗೆರೆಯನ್ನು ಹಳ್ಳಿಯ ಸರ್ವೆ ನಂಬರಿನ ಮೇಲೆ ಕೂರಿಸಬೇಕಿತ್ತು. ಆಗಲೇ ಕಂದಾಯ ಕಚೇರಿಯಲ್ಲಿ ಅದಕ್ಕೆ ಬೆಲೆ. ಸರ್ಕಾರಿ ಜಾಗದ ಕಾಂಡ್ಲಾ ಹೀಗೆ ರಕ್ಷಿತಾರಣ್ಯವಾಯಿತು. 2012ರಲ್ಲಿ ಅರಣ್ಯ ಇಲಾಖೆಯೊಳಗೆ ಕಾಂಡ್ಲಾಕಾಡಿಗೆಂದೇ ವಿಭಾಗ ಹುಟ್ಟಿತು. 2015ರಲ್ಲಿ ಸುಮಾರು 17 ಚದರ ಕಿಲೋಮೀಟರಿನ ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ ಬಂತು, 2022ರಲ್ಲಿ ಖಾಡಿಗೆ ರಾಮ್ಸಾರ್ ಮಾನ್ಯತೆ.

ನಮ್ಮೂರು ಅಂಬರನಾಥಕ್ಕೂ ಈ ಖಾಡಿಗೂ ನೀರಿನ ನಂಟಿದೆ. ಇಲ್ಲಿನ 1060ರ ಶಿವಮಂದಿರದ ಮಗ್ಗುಲಲ್ಲಿ ಹರಿಯುವ ವಾಲಧುನಿ ನದಿ ಕಲ್ಯಾಣದ ಬಳಿ ಉಲ್ಹಾಸ್ ನದಿಯನ್ನು ಸೇರುತ್ತದೆ. ಉಲ್ಹಾಸದ ಒಂದು ಕವಲು ಥಾಣೆ ಖಾಡಿಗೆ ಇಳಿಯುತ್ತದೆ. ಕಾರ್ಖಾನೆ, ಚರಂಡಿಗಳಿಂದ ಆ ನೀರಿಗೆ ಏನೇನು ಸೇರಿತೆಂಬುದು ಕಾಡಿನ ಎಲ್ಲೆ ತೋರಿಸುವ ನಕ್ಷೆಯಲ್ಲಿ ಸಿಗದು. ಅದನ್ನು ನದಿಗಿಳಿದು ನೀರು ತುಂಬಿ ತಂದೇ ಪರೀಕ್ಷಿಸಬೇಕು.

ಹಕ್ಕಿಗಳಂತೂ ಗೆರೆಯೊಳಗೆ ನಿಲ್ಲುವವಲ್ಲ. 2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಆರು ಫ್ಲೆಮಿಂಗೊಗಳಿಗೆ ಜಿಪಿಎಸ್ ಕಟ್ಟಿ ಬಿಟ್ಟರು. ಒಂದಕ್ಕೆ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿಯವರ ಹೆಸರು. ಗುಜರಾತಿನವರೆಗಿನ ಅವುಗಳ ದಾರಿ ದಿನದಿನವೂ ನಕ್ಷೆಯ ಮೇಲೆ ಮೂಡಿತು. ಊರೊಳಗಿನ ಓಡಾಟವೂ ಅಷ್ಟೇ ಮುಖ್ಯ. ಉಬ್ಬರ ಬಂದು ಮೇಯುವ ಕೆಸರು ಮುಳುಗಿದಾಗ ಫ್ಲೆಮಿಂಗೊಗಳು ನವಿ ಮುಂಬಯಿಯ ಕೆರೆಗಳಿಗೆ ಹಾರಿ, ನೀರಿಳಿಯುವತನಕ ಅಲ್ಲಿ ಕಾಯುತ್ತವೆ. ಆ ಕೆರೆಗಳು ಅಭಯಾರಣ್ಯದ ಹೊರಗಿವೆ.

ಹೊರಗಿದ್ದರೂ ಅವನ್ನು ಬಿಡುವಂತಿಲ್ಲ. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಉಪಗ್ರಹ ಚಿತ್ರಗಳಿಂದ ಗುರುತಿಸಿದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುನೆಲಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದರೂ 2024ರಲ್ಲಿ ನೆರೂಳಿನ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಮುಚ್ಚಿಹೋಯಿತು, ಕೆರೆ ಒಣಗಿತು, ಸುತ್ತಮುತ್ತ ಫ್ಲೆಮಿಂಗೊಗಳು ಸತ್ತವು. ಜನ ಬೀದಿಗಿಳಿದರು. ಸುಮಾರು 30 ಎಕರೆಯ ಆ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಮಿಕ್ಕ ಕೆರೆಗಳನ್ನೂ, ಅವುಗಳಿಗೆ ಉಬ್ಬರದ ನೀರು ತರುವ ಒಂದೊಂದು ಕಾಲುವೆಯನ್ನೂ ಸರ್ವೆ ನಂಬರಿನ ಸಮೇತ ನಕ್ಷೆಗೆ ಸೇರಿಸುವ ಕೆಲಸ ಈಗಲೇ ಆಗಬೇಕು.