ಪಾಷಾಣವೂ ವಿಟಮಿನ್ನೂ: ರಕ್ತದ ಕ್ಯಾನ್ಸರಿಗೆ ಜೋಡಿ ಔಷಧಿ ತಗೊಂಡ ಎಂಟು ತಿಂಗಳು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತು ನಾನು ಮಾತಾಡೋದು ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಬಗ್ಗೆ. ಚಿಕ್ಕದಾಗಿ ಎಪಿಎಲ್ ಅಂತೀನಿ. ಈ ಕಾಯಿಲೆ ನನಗೇ ಬಂದಿತ್ತು, ಚಿಕಿತ್ಸೆ ಮುಗಿದಿದೆ. ಹಾಗಾಗಿ ಇದರಲ್ಲಿ ಸ್ವಲ್ಪ ಓದಿದ್ದು, ಸ್ವಲ್ಪ ಅನುಭವಿಸಿದ್ದು ಎರಡೂ ಇರುತ್ತೆ.

ಹಿನ್ನೆಲೆ ಒಂದೆರಡು ಮಾತಲ್ಲಿ ಹೇಳಿಬಿಡ್ತೀನಿ. ನಮ್ಮದು ತೇನಿ ಜಿಲ್ಲೆಯ ಕಂಬಂ. ಮನೆಯಲ್ಲಿ ಆಡೋದು ಕನ್ನಡ, ಬೀದಿಯಲ್ಲಿ, ಶಾಲೆಯಲ್ಲಿ ತಮಿಳು. ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆನಿಂತ ಒಕ್ಕಲು ಮನೆತನಗಳು ನಮ್ಮವು. ಡಾಕ್ಟರು ತಮಿಳಿನಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾದಾಗ, ಈ ಕಾಯಿಲೆಗೆ ನಮ್ಮ ಮನೆಮಾತಲ್ಲಿ ಪದವೇ ಇಲ್ಲ ಅಂತ ಗೊತ್ತಾಯ್ತು. ಈ ಪ್ರಬಂಧ ಹುಟ್ಟಿದ್ದು ಆ ಕೊರತೆಯಿಂದ.

ಕಾಯಿಲೆ ಯಾವುದು?

ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟಿ, ಬಲಿತು, ಆಮೇಲೆ ರಕ್ತಕ್ಕೆ ಇಳಿಯುತ್ತವೆ. ಎಪಿಎಲ್‌ನಲ್ಲಿ ಒಂದು ಜಾತಿಯ ಬಿಳಿ ರಕ್ತಕಣ ಅರ್ಧ ಬಲಿತು ಅಲ್ಲೇ ನಿಂತುಬಿಡುತ್ತೆ, ಆದರೆ ಸಂಖ್ಯೆಯಲ್ಲಿ ಮಾತ್ರ ಬೆಳೀತಾನೇ ಇರುತ್ತೆ. 15ನೇ ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. 1977ರಲ್ಲಿ ಜಾನೆಟ್ ರೌಲಿ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಹೀಗೆ ಅಂಟಿದ ಜಾಗದಲ್ಲಿ ಎರಡು ವಂಶವಾಹಿಗಳು ಬೆಸೆದು ಪಿಎಂಎಲ್-ರಾರಾ ಅನ್ನುವ ಒಂದು ಕೆಟ್ಟ ಪ್ರೋಟೀನು ತಯಾರಾಗುತ್ತೆ.

ಇದರ ದೊಡ್ಡ ಅಪಾಯ ರಕ್ತಸ್ರಾವ. ಈ ಕಣಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಈ ಕಾಯಿಲೆಯನ್ನು ಬೇರೆಯೇ ಒಂದು ರೋಗ ಅಂತ ವರ್ಣಿಸಿದಾಗ, ರೋಗಿಗಳು ಕೆಲವೇ ವಾರಗಳಲ್ಲಿ ತೀರಿಕೊಳ್ತಿದ್ದರು.

ನನಗೆ ಶುರುವಾಗಿದ್ದು ಒಸಡಲ್ಲಿ ರಕ್ತ, ತೊಡೆ ಮೇಲೆ ನೀಲಿ ಕಲೆ, ಮುಟ್ಟು ಹನ್ನೆರಡು ದಿನವಾದರೂ ನಿಲ್ಲದೇ ಇದ್ದದ್ದು. ಮುಟ್ಟಿನ ವಿಷಯ ಅಂತ ಮನೆಯಲ್ಲಿ ಅವ್ವನ ಹತ್ತಿರ ಬಿಟ್ಟು ಯಾರ ಹತ್ತಿರವೂ ಮಾತಿಲ್ಲ. ಐಪ್ಪಸಿ ತಿಂಗಳ ಮಳೆ, ಊರೆಲ್ಲ ಜ್ವರ. ಒಂದು ಕ್ಲಿನಿಕ್ಕಿನಲ್ಲಿ ಪ್ಲೇಟ್‌ಲೆಟ್ 17,000 ಅಂತ ಬಂದಾಗ ಡೆಂಗಿ ಅಂದುಕೊಂಡು ಎರಡು ದಿನ ಗ್ಲೂಕೋಸ್ ಹಾಕಿದರು, ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಆ ಜಾಗ ಅಂಗೈ ಅಗಲ ಕಪ್ಪಾಯ್ತು. ಬಿಳಿ ಕಣ 1,900 ಇತ್ತು. ಡೆಂಗಿಯಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಆದ್ದರಿಂದ ಅಂಕಿ ನೋಡಿ ಮಾತ್ರ ಹೇಳೋಕಾಗಲ್ಲ. ವ್ಯತ್ಯಾಸ ಗೊತ್ತಾಗೋದು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಮದುರೈಯಲ್ಲಿ ಒಬ್ಬ ಪೆಥಾಲಜಿ ಡಾಕ್ಟರು ಅದನ್ನು ನೋಡಿದ ದಿನವೇ ಚಿಕಿತ್ಸೆ ಶುರುವಾಯ್ತು. ಎಪಿಎಲ್ ಅಂತ ಅನುಮಾನ ಬಂದ ಕೂಡಲೇ, ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಮೊದಲ ಔಷಧಿ ಕೊಡಬೇಕು ಅನ್ನೋದು ಇವತ್ತಿನ ನಿಯಮ.

ಎರಡು ಔಷಧಿಗಳು

ಮೊದಲನೆಯದು ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ, ಎಟಿಆರ್‌ಎ. ಇದು ವಿಟಮಿನ್ ಎ ಮನೆತನಕ್ಕೆ ಸೇರಿದ್ದು, ನುಂಗುವ ಕ್ಯಾಪ್ಸೂಲ್. ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡ 1988ರಲ್ಲಿ 24 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಜಗತ್ತಿಗೆ ಇದು ಗೊತ್ತಾಯ್ತು. ಎರಡನೆಯದು ಆರ್ಸೆನಿಕ್ ಟ್ರೈಆಕ್ಸೈಡ್, ನಮ್ಮ ಕಡೆಯವರ ಮಾತಲ್ಲಿ ಬಿಳಿ ಪಾಷಾಣ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಒಂದು ನಾಟಿ ಔಷಧಿಯನ್ನು ಪರೀಕ್ಷಿಸುತ್ತಾ ಹೋಗಿ, ಅದರಲ್ಲಿ ಕೆಲಸ ಮಾಡ್ತಿರೋದು ಆರ್ಸೆನಿಕ್ ಅಂತ ಕಂಡುಕೊಂಡರು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1998ರಿಂದ ಹೊಸ ರೋಗಿಗಳಿಗೆ ಬರೀ ಆರ್ಸೆನಿಕ್ ಕೊಟ್ಟು ನೋಡಿದರು. 2006ರಲ್ಲಿ ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ 72 ಜನರಲ್ಲಿ ಸುಮಾರು 86 ಶೇಕಡಾ ಮಂದಿಗೆ ಕಾಯಿಲೆ ಪೂರ್ತಿ ಹಿಮ್ಮೆಟ್ಟಿತ್ತು. ಆಮೇಲೆ ಎರಡನ್ನೂ ಜೋಡಿಸಿದ ಪ್ರಯೋಗಗಳು ಬಂದವು. 2013ರಲ್ಲಿ ಇಟಲಿಯ ಲೊ-ಕೊಕೊ ತಂಡ ಅಪಾಯ ಕಡಿಮೆ ಇರುವ, ಅಂದರೆ ಬಿಳಿ ಕಣ 10,000 ಮೀರದ ರೋಗಿಗಳಲ್ಲಿ ಜೋಡಿ ಔಷಧಿಯನ್ನು ಎಟಿಆರ್‌ಎ-ಕೀಮೋ ಜೊತೆ ಹೋಲಿಸಿತು. ಎರಡು ವರ್ಷದ ಹೊತ್ತಿಗೆ ತೊಂದರೆಯಿಲ್ಲದೆ ಉಳಿದವರು ಜೋಡಿ ಔಷಧಿಯಲ್ಲಿ 97 ಶೇಕಡಾ, ಕೀಮೋದಲ್ಲಿ 86. ಅಂದರೆ ಕೂದಲು ಉದುರಿಸುವ ಕೀಮೋ ಇಲ್ಲದೆಯೇ ಒಂದು ಲ್ಯುಕೇಮಿಯಾ ವಾಸಿ ಮಾಡಬಹುದು ಅಂತಾಯ್ತು. ಬಿಳಿ ಕಣ 10,000 ದಾಟಿದವರಿಗೆ ಮಾತ್ರ ಬೇರೆ ಔಷಧಿಯೂ ಸೇರುತ್ತೆ.

ಜೋಡಿ ಯಾಕೆ? ಕೆಟ್ಟ ಪ್ರೋಟೀನಿಗೆ ಎರಡು ತುದಿ ಇದೆ. ಎಟಿಆರ್‌ಎ ರಾರಾ ತುದಿಯನ್ನು ಹಿಡಿದು, ಕಣ ಬಲಿಯೋಕೆ ಹಾಕಿದ್ದ ತಡೆಯನ್ನು ತೆಗೆಯುತ್ತೆ. ಆರ್ಸೆನಿಕ್ ಪಿಎಂಎಲ್ ತುದಿಗೆ ಅಂಟಿಕೊಂಡು, ಕಣದ ಸ್ವಂತ ಕಸ ವಿಲೇವಾರಿ ವ್ಯವಸ್ಥೆಗೆ ಆ ಪ್ರೋಟೀನನ್ನು ಒಪ್ಪಿಸುತ್ತೆ. ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: "ಮೂಗುದಾರ ಒಬ್ಬ ಹಿಡೀತಾನೆ, ಬಾಲ ಒಬ್ಬ ಹಿಡೀತಾನೆ, ಹೋರಿ ಎತ್ತಲೂ ಹೋಗಂಗಿಲ್ಲ." ಅಜ್ಜಿಗೆ ಅರ್ಥವಾಯ್ತು.

ಮೊದಲ ತಿಂಗಳು

ಆರ್ಸೆನಿಕ್ ದಿನಾ ಎರಡು ಗಂಟೆ ಡ್ರಿಪ್‌ನಲ್ಲಿ, ದೇಹದ ತೂಕದ ಪ್ರತಿ ಕಿಲೋಗೆ 0.15 ಮಿಲಿಗ್ರಾಂ. ಕ್ಯಾಪ್ಸೂಲ್ ಬೆಳಿಗ್ಗೆ ಸಂಜೆ. ಶುರು ಮಾಡೋ ಮುಂಚೆ ಗರ್ಭ ಪರೀಕ್ಷೆ ಮಾಡಿದರು. ಮದುವೆಯಾಗದ ಹುಡುಗಿಗೆ ಇದೇನು ಅಂತ ಅಪ್ಪ ಸಿಟ್ಟಾದರು. ಎಟಿಆರ್‌ಎ ಗರ್ಭದ ಮಗುವಿಗೆ ತೀವ್ರ ಹಾನಿ ಮಾಡುತ್ತೆ, ಅದಕ್ಕೇ ಮಗು ಹೆರುವ ವಯಸ್ಸಿನ ಎಲ್ಲಾ ಹೆಂಗಸರಿಗೂ ಈ ಪರೀಕ್ಷೆ ಕಡ್ಡಾಯ. ನರ್ಸ್ ಅಕ್ಕ ಅಪ್ಪನನ್ನು ಪಕ್ಕಕ್ಕೆ ಕರೆದು ಹೀಗೆ ಬಿಡಿಸಿ ಹೇಳಿದ ಮೇಲೆ ಅವರು ಸುಮ್ಮನಾದರು.

ಒಂಬತ್ತನೇ ದಿನ ನನಗೆ ಮೂರು ಕಿಲೋ ತೂಕ ಏರಿತ್ತು, ಮಲಗಿದರೆ ಉಸಿರು ಕಟ್ತಿತ್ತು. ಇದನ್ನು ಡಿಫರೆನ್ಸಿಯೇಷನ್ ಸಿಂಡ್ರೋಮ್ ಅಂತಾರೆ. ನಿಂತಿದ್ದ ಕಣಗಳು ಒಟ್ಟಿಗೇ ಬಲಿಯಲು ಶುರು ಮಾಡಿದಾಗ ದೇಹದಲ್ಲಿ ಉರಿಯೂತ ಏಳುತ್ತೆ, ಶ್ವಾಸಕೋಶದಲ್ಲಿ ನೀರು ಸೇರುತ್ತೆ. ಅದೂ ಅನುಮಾನ ಬಂದ ಕೂಡಲೇ ಚಿಕಿತ್ಸೆ ಮಾಡಬೇಕಾದದ್ದು: ಡೆಕ್ಸಾಮೆಥಾಸೋನ್ 10 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ನಾಲ್ಕು ದಿನದಲ್ಲಿ ಉಸಿರು ಸರಿಹೋಯ್ತು. ಆ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ತೂಕ ನೋಡೋದು ಬರೀ ಶಾಸ್ತ್ರ ಅಲ್ಲ ಅಂತ ಅವತ್ತು ತಿಳೀತು.

ಇನ್ನೊಂದು ಎಚ್ಚರ ಹೃದಯದ್ದು. ಆರ್ಸೆನಿಕ್ ಇಸಿಜಿಯಲ್ಲಿ ಕ್ಯುಟಿ ಅನ್ನುವ ಅವಧಿಯನ್ನು ಉದ್ದ ಮಾಡುತ್ತೆ. ಜಾಸ್ತಿಯಾದರೆ ಹೃದಯದ ಬಡಿತ ತಪ್ಪಬಹುದು. ಅದಕ್ಕೇ ವಾರಕ್ಕೆ ಎರಡು ಸಲ ಇಸಿಜಿ, ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 1.8ರ ಮೇಲೆ. ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್, ಗಂಟಲು ನೋವಿಗೆ ಕೊಡುವ ಅಜಿತ್ರೋಮೈಸಿನ್, ಇವೂ ಕ್ಯುಟಿ ಉದ್ದ ಮಾಡುತ್ತವೆ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಇವೆರಡೂ ಕೇಳಿದರೆ ಸಿಗುತ್ತವೆ. ಆದ್ದರಿಂದ "ಆರ್ಸೆನಿಕ್ ತಗೊಳ್ತಿದ್ದೀನಿ" ಅಂತ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಎಂಬತ್ತು ದಿನದ ಲೆಕ್ಕ

ಐದನೇ ವಾರದ ಹೊತ್ತಿಗೆ ಮಜ್ಜೆ ಶುದ್ಧವಾಗಿತ್ತು. ಊರವರು ಬಂದು "ವಾಸಿಯಾಯ್ತಲ್ಲ, ಇನ್ಯಾಕೆ?" ಅಂದರು. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಕಷ್ಟದ ಘಟ್ಟ ಇದೇ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಣಗಳು ಇನ್ನೂ ಉಳಿದಿರುತ್ತವೆ. ಅದಕ್ಕೆ ಎರಡನೇ ಹಂತ: ವಾರಕ್ಕೆ ಐದು ದಿನ ಆರ್ಸೆನಿಕ್, ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಡುವು, ಹೀಗೆ ನಾಲ್ಕು ಸುತ್ತು. ಒಟ್ಟು 80 ಡ್ರಿಪ್. ಕ್ಯಾಪ್ಸೂಲ್ ಎರಡು ವಾರ ಉಂಟು, ಎರಡು ವಾರ ಇಲ್ಲ, ಹಾಗೆ ಏಳು ಸುತ್ತು.

ಈಗ ಭೂಗೋಳ ನೋಡಿ. ಕಂಬಂನಿಂದ ಮದುರೈ ನೂರು ಕಿಲೋಮೀಟರಿಗೂ ಹೆಚ್ಚು, ನಮ್ಮೂರಿಗೆ ರೈಲಿಲ್ಲ. ಮದುರೈಯಿಂದ ತೇನಿಗೆ ಬ್ರಾಡ್‌ಗೇಜ್ ರೈಲು ಬಂದಿದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. ಎರಡು ಗಂಟೆಯ ಡ್ರಿಪ್‌ಗೆ ಬಸ್ಸಿನಲ್ಲೇ ಆರೇಳು ಗಂಟೆ ಆಗುತ್ತೆ. ಹಾಗಾಗಿ ನಾನು ದಿಂಡಿಗಲ್‌ನಲ್ಲಿ ಅತ್ತೆ ಮನೆಯಲ್ಲಿ ಉಳಿದೆ. ಅಲ್ಲಿಂದ ಮದುರೈಗೆ ರೈಲಲ್ಲಿ ಸುಮಾರು ಒಂದು ಗಂಟೆ. ಶುಕ್ರವಾರ ಸಂಜೆ ಊರಿಗೆ, ಭಾನುವಾರ ವಾಪಸ್. ಅವ್ವ ಜೊತೆಗೆ ಬಂದಷ್ಟು ದಿನವೂ ದ್ರಾಕ್ಷಿ ತೋಟದ ಕೂಲಿ ಹೋಗ್ತಿತ್ತು. ಔಷಧಿಯ ಖರ್ಚಿಗೆ ಮುಖ್ಯಮಂತ್ರಿಗಳ ವಿಮಾ ಯೋಜನೆ ಇತ್ತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಕಳೆದುಹೋದ ಕೂಲಿ ಯಾವ ಕಾರ್ಡಿನಲ್ಲೂ ಬರಲ್ಲ. ಮಧ್ಯದಲ್ಲೇ ಚಿಕಿತ್ಸೆ ಬಿಡೋರನ್ನು ಅಸಡ್ಡೆ ಅಂತ ಬೈಯೋ ಮುಂಚೆ ಈ ಲೆಕ್ಕ ಹಾಕಬೇಕು ಅನ್ನೋದು ನನ್ನ ವಾದ. ಚೀನಾದಲ್ಲಿ ಬಾಯಿಂದ ನುಂಗುವ ಆರ್ಸೆನಿಕ್ ಔಷಧಿಯೂ ಡ್ರಿಪ್‌ಗಿಂತ ಕಮ್ಮಿಯಲ್ಲ ಅಂತ 2013ರ ಪ್ರಯೋಗವೊಂದು ತೋರಿಸಿದೆ. ನಮ್ಮಂಥ ಊರುಗಳಿಗೆ ಬೇಕಾದ್ದು ಅದು.

ಪಾಷಾಣ ಅನ್ನೋ ಮಾತು

ದಿಂಡಿಗಲ್ ಜಿಲ್ಲೆಯಲ್ಲೇ ಪಳನಿ ಇದೆ. ಅಲ್ಲಿನ ಮುರುಗನ ಮೂರ್ತಿಯನ್ನು ಬೋಗರ್ ಸಿದ್ಧರು ಒಂಬತ್ತು ಪಾಷಾಣ ಸೇರಿಸಿ ಮಾಡಿದರು ಅಂತ ನಂಬಿಕೆ. ಅಜ್ಜಿಗೆ ಪಾಷಾಣದ ಭಯ ಹೋಗಿದ್ದು ಇದರಿಂದಲೇ: "ಸ್ವಾಮಿ ಮೈಯಲ್ಲಿ ಇರೋದು ನಿನ್ನ ಮೈಗೆ ಬಂತು ಬಿಡು." ಆದರೆ ಅದೇ ನಂಬಿಕೆಗೆ ಇನ್ನೊಂದು ಮುಖ ಇದೆ. ಪಾಷಾಣದ ಭಸ್ಮ ಮನೆಯಲ್ಲೇ ಸಿಗುತ್ತೆ, ಮದುರೈ ಯಾಕೆ ಅಂತ ಹೇಳಿದವರೂ ಇದ್ದರು. ಔಷಧಿಗೂ ವಿಷಕ್ಕೂ ಇರೋ ಅಂತರ ಇಲ್ಲಿ ಅಳತೆ, ಶುದ್ಧಿ, ದಿನದಿನದ ರಕ್ತ ಪರೀಕ್ಷೆ ಮತ್ತು ಇಸಿಜಿ. ಇವು ನಾಲ್ಕೂ ಇಲ್ಲದೆ ಆರ್ಸೆನಿಕ್ ಬರೀ ವಿಷ.

ಪ್ರಶ್ನೋತ್ತರದಿಂದ

ಒಬ್ಬ ಅಧ್ಯಾಪಕರು ಕೇಳಿದ್ದು: ದ್ರಾಕ್ಷಿಗೆ ಹೊಡೆಯುವ ಔಷಧಿಯಿಂದ ಬಂತಾ?

ಸರ್, ಮನೆಯಲ್ಲೂ ಇದೇ ಪ್ರಶ್ನೆ. ಬೆಂಜೀನ್ ಮತ್ತು ಹಿಂದೆ ಪಡೆದ ಕೆಲವು ಕೀಮೋ ಔಷಧಿಗಳು ಲ್ಯುಕೇಮಿಯಾ ತರಬಲ್ಲವು. ಆದರೆ ಎಪಿಎಲ್ ಬಂದ ಬಹುಪಾಲು ಜನರಲ್ಲಿ ಕಾರಣ ಸಿಗಲ್ಲ, ನನ್ನಲ್ಲೂ ಸಿಗಲಿಲ್ಲ. ಔಷಧಿ ಹೊಡೆಯುವಾಗ ಮುಖಕ್ಕೆ ಬಟ್ಟೆ, ಕೈಗೆ ಗವಸು ಬೇಕೇ ಬೇಕು. ಅದಕ್ಕೆ ನನ್ನ ಕಾಯಿಲೆ ಸಾಕ್ಷಿಯಾಗಬೇಕಿಲ್ಲ.

ಇನ್ನೊಬ್ಬ ಗೆಳತಿ ಕೇಳಿದ್ದು: ಈಗ ವಾಸಿ ಅನ್ನಬಹುದಾ?

ಚಿಕಿತ್ಸೆ ಮುಗಿದ ಮೇಲೆ ಪಿಸಿಆರ್ ಪರೀಕ್ಷೆಯಲ್ಲಿ ಆ ಬೆಸೆದ ವಂಶವಾಹಿ ಕಾಣಿಸಲಿಲ್ಲ. ಮರಳಿ ಬರೋದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ. ಹಾಗಾಗಿ ಪರೀಕ್ಷೆಗೆ ಹೋಗ್ತಾ ಇದ್ದೀನಿ. ಓದೂ ಮುಂದುವರಿದಿದೆ.

ಕೊನೆಯದಾಗಿ, ಹಾಸ್ಟೆಲಲ್ಲಿ ಏನು ಗಮನಿಸಬೇಕು ಅಂತ ಚಾಟ್‌ನಲ್ಲಿ ಕೇಳಿದ್ದೀರಿ. ಏಟು ಬೀಳದೇ ನೀಲಿ ಕಲೆ, ಹಲ್ಲುಜ್ಜುವಾಗ ನಿಲ್ಲದ ರಕ್ತ, ವಾಡಿಕೆ ಮೀರಿದ ಮುಟ್ಟು, ಜೊತೆಗೆ ಜ್ವರ, ಸುಸ್ತು. ಇವು ಒಟ್ಟಿಗೆ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಬರೀ ಅಂಕಿ ಬೇಡ, ಗಾಜಿನ ಮೇಲೆ ಸವರಿ ನೋಡಿದ್ದೀರಾ ಅಂತ ಕೇಳಿ. ಆಸ್ಪಿರಿನ್, ನೋವಿನ ಮಾತ್ರೆ, ಸೊಂಟಕ್ಕೆ ಇಂಜೆಕ್ಷನ್ ಅಲ್ಲಿಯವರೆಗೆ ಬೇಡ. ಈ ಕಾಯಿಲೆಯಲ್ಲಿ ಮೊದಲ ಕೆಲವು ದಿನ ದಾಟಿಸಿದವರ ಪಾಲಿಗೆ ಮುಂದಿನ ದಾರಿ ಉದ್ದವೇ ಹೊರತು ಮುಚ್ಚಿಲ್ಲ.