ಟೊಕೆಲಾವ್‌ಗೆ ಹೋಗ್ಬೇಕಾ? ಟಿಕೆಟ್‌ಗಿಂತ ಮೊದಲು ಊರಿನ ಒಪ್ಪಿಗೆ ಬೇಕು

ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡ್ತಿರೋದು ವಿಮಾನವೇ ಇಳಿಯದ ಒಂದು ಜಾಗದ ಬಗ್ಗೆ. ಹೆಸರು ಟೊಕೆಲಾವ್. ಮ್ಯಾಪ್ ಆ್ಯಪ್‌ನಲ್ಲಿ ಈ ಹೆಸರು ಟೈಪ್ ಮಾಡಿ ನೋಡಿ, ಬರೀ ನೀಲಿ ಕಾಣಿಸುತ್ತೆ. ಝೂಮ್ ಮಾಡ್ತಾ ಹೋದ್ರೆ ಮೂರು ತೆಳುವಾದ ಉಂಗುರಗಳು ಕಾಣ್ತವೆ: ಅಟಾಫು, ನುಕುನೊನು, ಫಕಾಒಫೊ. ಮೂರೂ ಹವಳದ ದ್ವೀಪಗಳು. ಸಮೋವಾ ದೇಶದಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ದೂರ. ಮೂರನ್ನೂ ಸೇರಿಸಿದ್ರೂ ನೆಲ ಅಂತ ಇರೋದು 12 ಚದರ ಕಿಲೋಮೀಟರ್‌ಗಿಂತ ಹೆಚ್ಚಿಲ್ಲ. ಜನಸಂಖ್ಯೆ ಸುಮಾರು 1,500. ಆಡಳಿತದ ಲೆಕ್ಕದಲ್ಲಿ ಇದು ನ್ಯೂಜಿಲೆಂಡ್‌ಗೆ ಸೇರಿದ ಪ್ರದೇಶ. 2006 ಮತ್ತು 2007ರಲ್ಲಿ ಸ್ವಯಂ ಆಡಳಿತಕ್ಕಾಗಿ ಜನಮತ ನಡೀತು. ಎರಡೂ ಸಲ ಹೆಚ್ಚು ಜನ ಹೌದು ಅಂದ್ರೂ, ಬೇಕಿದ್ದ ಮೂರನೇ ಎರಡರಷ್ಟು ಮತ ಸಿಗಲಿಲ್ಲ.

ಸರಿ, ಹೋಗೋದು ಹೇಗೆ? ಇರೋದು ಒಂದೇ ದಾರಿ, ಹಡಗು. ಅದು ಹೊರಡೋದು ಸಮೋವಾದ ರಾಜಧಾನಿ ಆಪಿಯಾದಿಂದ. ಮೊದಲ ದ್ವೀಪ ಕಾಣೋಕೇ ಒಂದು ಹಗಲು ಒಂದು ರಾತ್ರಿ ಬೇಕು, ಸಮುದ್ರ ಒರಟಾಗಿದ್ರೆ ಇನ್ನೂ ಹೆಚ್ಚು. ದಡಕ್ಕೆ ಹೋಗಿ ನಿಲ್ಲೋಕೆ ಅಲ್ಲಿ ಬಂದರು ಇಲ್ಲ. ಹಡಗು ಹವಳದ ದಂಡೆಯ ಹೊರಗೇ ನಿಲ್ಲುತ್ತೆ. ಊರಿಂದ ಚಿಕ್ಕ ದೋಣಿ ಬಂದು ಜನರನ್ನೂ ಸಾಮಾನನ್ನೂ ಇಳಿಸ್ಕೊಂಡು ಹೋಗುತ್ತೆ. ಅಲೆ ಜೋರಿದ್ರೆ ಅದೂ ಕಷ್ಟ.

ಈಗ ಪ್ಲಾನಿಂಗ್‌ಗೆ ಬರೋಣ. ನಾವು ಸಾಮಾನ್ಯವಾಗಿ ಮೊದಲು ಫ್ಲೈಟ್ ಬುಕ್ ಮಾಡ್ತೀವಿ, ಆಮೇಲೆ ರೂಮು, ಕೊನೆಗೆ ಉಳಿದಿದ್ದು. ಇಲ್ಲಿ ಅದನ್ನ ಉಲ್ಟಾ ಮಾಡ್ಬೇಕು.

ಮೊದಲನೇದು ಅನುಮತಿ. ನ್ಯೂಜಿಲೆಂಡ್ ವೀಸಾ ಇದ್ದ ಮಾತ್ರಕ್ಕೆ ಟೊಕೆಲಾವ್‌ಗೆ ಬಿಡಲ್ಲ, ಇಲ್ಲಿನ ಪರ್ಮಿಟ್ ಬೇರೆ. ಅರ್ಜಿ ಹೋಗೋದು ಆಪಿಯಾದಲ್ಲಿರೋ ಟೊಕೆಲಾವ್ ಕಚೇರಿಗೆ. ಆದ್ರೆ ಕೊನೇ ಮಾತು ಊರಿಂದು. ಪ್ರತಿ ದ್ವೀಪದಲ್ಲೂ ತೌಪುಲೆಗಾ ಅನ್ನೋ ಹಿರಿಯರ ಸಭೆ ಇರುತ್ತೆ. ನೀವು ಯಾವ ದ್ವೀಪಕ್ಕೆ ಹೋಗ್ತೀರೋ ಅಲ್ಲಿನ ಸಭೆ ಒಪ್ಪಬೇಕು. ಯಾಕೆ ಬರ್ತೀರಿ, ಎಲ್ಲಿ ಉಳ್ಕೋತೀರಿ ಅನ್ನೋದನ್ನ ಮೊದಲೇ ಸ್ಪಷ್ಟವಾಗಿ ಹೇಳ್ಬೇಕು.

ಎರಡನೇದು ಹಡಗಿನ ಸೀಟು. ಆಪರೇಷನ್‌ಗೆ ಹೋಗೋ ರೋಗಿ, ಓದೋಕೆ ಹೊರಟ ಹುಡುಗಿ, ಅಂಗಡಿಗೆ ಬರೋ ಅಕ್ಕಿ ಮೂಟೆ, ಎಲ್ಲದಕ್ಕೂ ಇರೋದು ಇದೇ ಸಮುದ್ರದ ದಾರಿ. ಹಾಗಾಗಿ ಊರಿನವರಿಗೆ ಮೊದಲ ಜಾಗ, ಪ್ರವಾಸಿಗೆ ಕೊನೇ ಜಾಗ. ನನಗೆ ಇದು ನ್ಯಾಯ ಅಂತಲೇ ಅನ್ಸುತ್ತೆ. ನಮಗೆ ಅದು ರಜೆಯ ಸೀಟು, ಅವರಿಗೆ ಆಸ್ಪತ್ರೆಯ ಸೀಟು.

ಮೂರನೇದು ವಿಮಾನ. ಇವೆರಡೂ ಖಚಿತ ಆದ ಮೇಲೆ ಮಾತ್ರ ಟಿಕೆಟ್. ಬೆಂಗಳೂರಿಂದ ಆಪಿಯಾಗೆ ನೇರ ವಿಮಾನ ಇಲ್ಲ. ಫಿಜಿಯ ನಾಡಿ ಅಥವಾ ನ್ಯೂಜಿಲೆಂಡ್‌ನ ಆಕ್ಲೆಂಡ್ ಮೂಲಕ ಹೋಗ್ಬಹುದು. ಭಾರತದ ಪಾಸ್‌ಪೋರ್ಟ್‌ಗೆ ಈ ಎರಡೂ ಕಡೆ ಟ್ರಾನ್ಸಿಟ್ ನಿಯಮ ಒಂದೇ ರೀತಿ ಇಲ್ಲ, ದುಡ್ಡು ಕಟ್ಟೋ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ಇನ್ನೊಂದು ಸೂಕ್ಷ್ಮ: ಟೊಕೆಲಾವ್‌ಗೆ ಹೋಗಿ ಬರೋದು ಅಂದ್ರೆ ಸಮೋವಾಗೆ ಎರಡು ಸಲ ಕಾಲಿಡೋದು. ಎರಡನೇ ಪ್ರವೇಶದ ನಿಯಮವನ್ನೂ ಕೇಳಿಟ್ಕೊಳ್ಳಿ. ಹಡಗು ತಡ ಆದ್ರೆ ವಾಪಸ್ ವಿಮಾನ ತಪ್ಪದ ಹಾಗೆ ನಡುವೆ ಸಾಕಷ್ಟು ದಿನ ಬಿಡಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಆಗ ಬೇಡ.

ಬ್ಯಾಗ್‌ನಲ್ಲಿ ಏನಿರ್ಬೇಕು? ನ್ಯೂಜಿಲೆಂಡ್ ಡಾಲರ್ ನಗದು, ನೀವು ತಗೊಳ್ಳೋ ಮಾತ್ರೆಗಳು ಪೂರ್ತಿ ದಿನಕ್ಕಿಂತ ಹೆಚ್ಚೇ, ಹಡಗಿನ ವಾಂತಿಗೆ ಔಷಧಿ. ಕರೆಂಟ್ ಬಗ್ಗೆ ಅಷ್ಟು ಭಯ ಬೇಡ. ಡೀಸೆಲ್ ಜನರೇಟರ್ ನಂಬ್ಕೊಂಡಿದ್ದ ಈ ದ್ವೀಪಗಳು 2012ರಲ್ಲಿ ಸೋಲಾರ್‌ಗೆ ಬದಲಾದವು.

ನಿಜವಾದ ಚಿಂತೆ ನೀರಿಂದು. ಇಲ್ಲಿ ನದಿ ಇಲ್ಲ, ಕೆರೆ ಇಲ್ಲ. ಸೂರಿನ ಮೇಲೆ ಬಿದ್ದ ಮಳೆಯನ್ನ ಟ್ಯಾಂಕ್‌ಗೆ ತುಂಬಿಸ್ಕೊಂಡು ಬದುಕೋದು. 2011ರ ಅಕ್ಟೋಬರ್‌ನಲ್ಲಿ ಬರ ಬಂದು ತುರ್ತು ಪರಿಸ್ಥಿತಿ ಘೋಷಿಸಬೇಕಾಯ್ತು, ಹೊರಗಿಂದ ಹಡಗಿನಲ್ಲಿ ಕುಡಿಯೋ ನೀರು ತಂದ್ರು. ಅಂಥ ಊರಲ್ಲಿ ನಾವು ಮಾಡೋ ಅರ್ಧ ಗಂಟೆ ಸ್ನಾನ ಯಾರದೋ ಮನೆಯ ಕುಡಿಯೋ ನೀರು.

ಅಲ್ಲಿ ತಲುಪಿದ ಮೇಲೆ ನೀವು ಪ್ರವಾಸಿ ಅನ್ನೋದಕ್ಕಿಂತ ಊರಿನ ಅತಿಥಿ. ಭಾನುವಾರ ಚರ್ಚ್ ಮತ್ತು ವಿಶ್ರಾಂತಿಯ ದಿನ, ಈಜು, ಮೀನು ಬೇಟೆ ಅಂತ ಹೊರಡೋ ಮೊದಲು ಕೇಳಿ. ಊರೊಳಗೆ ಮೈ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ‘ಇನಾತಿ’ ನೋಡೋ ಅವಕಾಶ ಸಿಕ್ರೆ ಬಿಡ್ಬೇಡಿ. ಊರವರು ಒಟ್ಟಾಗಿ ಹಿಡಿದ ಮೀನನ್ನ ಒಂದೆಡೆ ಹಾಕಿ, ಪ್ರತಿ ಮನೆಯ ತಲೆ ಲೆಕ್ಕದಲ್ಲಿ ಪಾಲು ಮಾಡೋ ಪದ್ಧತಿ ಅದು. ದೋಣಿ ಇಲ್ಲದವರಿಗೂ, ಸಮುದ್ರಕ್ಕೆ ಇಳಿಯೋ ಶಕ್ತಿ ಇಲ್ಲದ ಮುದುಕರಿಗೂ ಪಾಲು ಇದ್ದೇ ಇರುತ್ತೆ. ಅದನ್ನ ವಿಡಿಯೋ ಮಾಡೋ ಮುಂಚೆ ಒಪ್ಪಿಗೆ ಕೇಳಿ.

ಕೊನೇ ಪ್ರಶ್ನೆ: ಹೋಗ್ಬೇಕಾ? ಈ ನೆಲದ ಅತಿ ಎತ್ತರದ ಜಾಗವೇ ಸಮುದ್ರದಿಂದ ಸುಮಾರು 5 ಮೀಟರ್. ಮುಳುಗೋ ಮೊದಲು ನೋಡ್ಬಿಡೋಣ ಅಂತ ಕೆಲವರು ಹೊರಡ್ತಾರೆ. ಆ ಕಾರಣಕ್ಕೆ ಮಾತ್ರ ಆದ್ರೆ ಬೇಡ ಅಂತೀನಿ. ಈಗಾಗಲೇ ಟೊಕೆಲಾವ್ ಮೂಲದವರು ದ್ವೀಪಗಳಲ್ಲಿ ಇರೋದಕ್ಕಿಂತ ಹಲವು ಪಟ್ಟು ಹೆಚ್ಚು ನ್ಯೂಜಿಲೆಂಡ್‌ನಲ್ಲಿದ್ದಾರೆ. ಉಳಿದವರು ಅಲ್ಲಿ ಮನೆ ಕಟ್ಟಿ, ಮಕ್ಕಳನ್ನ ಶಾಲೆಗೆ ಕಳಿಸಿ, ಮೀನು ಹಂಚ್ಕೊಂಡು ಬದುಕ್ತಿದ್ದಾರೆ. ಅವರ ಬದುಕು ನೋಡೋಕೆ ಹೋಗ್ತೀರಾ? ಹಾಗಾದ್ರೆ ಮೊದಲು ಪತ್ರ ಬರೀರಿ, ಉತ್ತರಕ್ಕೆ ಕಾಯಿರಿ. ಬೇಡ ಅಂದ್ರೆ, ಅದನ್ನೂ ಒಪ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. ಮತ್ತೆ ಸಿಗೋಣ.