ಕೆರೆಗೆ ಬರುವ ನೀರು, ಹೋಗುವ ನೀರು: ಜನಸಂಖ್ಯೆ ಬದಲಾಗುವುದು ಹೇಗೆ?



ಜನಸಂಖ್ಯೆ ಎಂದೊಡನೆ ನಮಗೆ ನೆನಪಾಗುವುದು 'ಹೆಚ್ಚುತ್ತಿದೆ' ಎಂಬ ಒಂದೇ ಮಾತು. ಪರೀಕ್ಷೆಯ ಪ್ರಬಂಧಗಳಲ್ಲಿ ನೀವೂ ಅದನ್ನು ಬರೆದಿರಬಹುದು. ಆದರೆ 2011ರ ಜನಗಣತಿಯ ಅಂಕಿಗಳು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಇದೇ ಪ್ರದೇಶದಲ್ಲಿ 2001ರಲ್ಲಿ ಸುಮಾರು 11.49 ಲಕ್ಷ ಜನರಿದ್ದರು, 2011ರಲ್ಲಿ 12.55 ಲಕ್ಷ. ಹತ್ತು ವರ್ಷಗಳ ಹೆಚ್ಚಳ ಶೇ. 9ರಷ್ಟು ಮಾತ್ರ. ಅದೇ ಅವಧಿಯಲ್ಲಿ ರಾಜ್ಯ ಶೇ. 15.6ರಷ್ಟು ಬೆಳೆಯಿತು, ಸಮೀಪದ ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ. 47ರಷ್ಟು! ಒಂದೇ ರಾಜ್ಯದಲ್ಲಿ ಇಷ್ಟು ಅಂತರವೇಕೆ?

ನಾಲ್ಕೇ ದಾರಿಗಳು

ನಿಮ್ಮೂರಿನ ಕೆರೆಯನ್ನು ನೆನಪಿಸಿಕೊಳ್ಳಿ. ಕಾಲುವೆಗಳಿಂದ ನೀರು ಬರುತ್ತದೆ. ತೂಬಿನಿಂದ, ಕೋಡಿಯಿಂದ ಹೋಗುತ್ತದೆ. ಜನಸಂಖ್ಯೆಯೂ ಹಾಗೆಯೇ. ಒಳಬರುವ ದಾರಿಗಳು ಎರಡು: ಜನನ ಮತ್ತು ಒಳವಲಸೆ. ಹೊರಹೋಗುವ ದಾರಿಗಳೂ ಎರಡು: ಮರಣ ಮತ್ತು ಹೊರವಲಸೆ. ಭಾರತದಂಥ ದೊಡ್ಡ ದೇಶದ ಲೆಕ್ಕದಲ್ಲಿ ಜನನ, ಮರಣಗಳೇ ಮುಖ್ಯ. ಒಂದು ತಾಲ್ಲೂಕಿನ ಲೆಕ್ಕದಲ್ಲಾದರೋ ವಲಸೆಗೆ ದೊಡ್ಡ ಪಾತ್ರವಿದೆ.

ಒಂದು ಕಾಲ್ಪನಿಕ ಹಳ್ಳಿಯಲ್ಲಿ 1000 ಜನರಿದ್ದಾರೆ ಎನ್ನಿ. ವರ್ಷಕ್ಕೆ 40 ಜನನ, 40 ಮರಣವಾದರೆ ಊರು ಇದ್ದಷ್ಟೇ ಇರುತ್ತದೆ. ಮರಣ 15ಕ್ಕೆ ಇಳಿದು ಜನನ 40ರಲ್ಲೇ ನಿಂತರೆ ವರ್ಷಕ್ಕೆ 25 ಜನ ಹೆಚ್ಚುತ್ತಾರೆ. ಮುಂದೆ ಜನನವೂ 17ಕ್ಕೆ, ಮರಣ 7ಕ್ಕೆ ಇಳಿದರೆ ಹೆಚ್ಚಳ 10. ಆ ವರ್ಷ 12 ಮಂದಿ ಕೆಲಸ ಹುಡುಕಿಕೊಂಡು ಊರು ಬಿಟ್ಟರೆ? ಹುಟ್ಟಿದವರು ಸತ್ತವರಿಗಿಂತ ಹೆಚ್ಚಾಗಿದ್ದರೂ ಊರು ಕುಗ್ಗುತ್ತದೆ.

ಮರಣ ಮೊದಲು ಇಳಿಯಿತು

ನಮ್ಮ ನಾಡಿನ ಚರಿತ್ರೆಯಲ್ಲಿ ಈ ಹಂತಗಳೆಲ್ಲ ಕಾಣಸಿಗುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರ ಗಣತಿಯಲ್ಲಿ ಸಿಕ್ಕವರು ಸುಮಾರು 42 ಲಕ್ಷ. ನಡುವೆ ಬಂದದ್ದು 1876-78ರ ಮಹಾ ಕ್ಷಾಮ. ಧಾತು ಸಂವತ್ಸರದಲ್ಲಿ ಆರಂಭವಾದ ಆ ಬರ ಅಂದಿನ ಕೋಲಾರ ಜಿಲ್ಲೆಯನ್ನೂ ತೀವ್ರವಾಗಿ ಬಾಧಿಸಿತು. ಹಸಿವು, ರೋಗಗಳಿಂದ ಜನ ಸತ್ತರು. ನಿತ್ರಾಣಗೊಂಡ ತಾಯಂದಿರಿಗೆ ಮಕ್ಕಳಾಗುವುದೂ ಕಡಿಮೆಯಾಯಿತು. ಮುಂದೆ 1918ರ ಇನ್‌ಫ್ಲುಯೆಂಜಾ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತೆಂದರೆ, 1911ರಿಂದ 1921ರ ದಶಕದಲ್ಲಿ ಇಡೀ ಭಾರತದ ಜನಸಂಖ್ಯೆಯೇ ತುಸು ತಗ್ಗಿತು.

1921ರ ನಂತರ ದಾರಿ ಬದಲಾಯಿತು. ಲಸಿಕೆ, ಮಲೇರಿಯಾ ನಿಯಂತ್ರಣ, ಶುದ್ಧ ನೀರು, ಆಹಾರ ಪೂರೈಕೆಗಳಿಂದ ಕಾಲಕ್ರಮದಲ್ಲಿ ಸಾವು ಕಡಿಮೆಯಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಸುಮಾರು 70. ಅಂದರೆ ಆಗ ಎಲ್ಲರೂ 32ಕ್ಕೇ ಸಾಯುತ್ತಿದ್ದರೆಂದಲ್ಲ. ತೊಟ್ಟಿಲಲ್ಲೇ ಕಣ್ಮುಚ್ಚುವ ಕೂಸುಗಳು ಅಷ್ಟೊಂದಿದ್ದುದರಿಂದ ಸರಾಸರಿ ತಗ್ಗಿತ್ತು. ನಮ್ಮ ಸಂಖ್ಯೆ ಹೆಚ್ಚಿದ್ದರ ಹಿಂದೆ ಹೀಗೆ ಉಳಿದ ಮಕ್ಕಳ ಸಂತೋಷವೂ ಇದೆ ಎಂಬುದನ್ನು ಮರೆಯಬಾರದು.

ಜನನ ಇಳಿದದ್ದು ಏಕೆ?

'ಎಂಟು ಹೆತ್ತೆ, ನಾಲ್ಕು ಉಳಿದವು' ಎನ್ನುವ ಅಜ್ಜಿಯರ ಮಾತನ್ನು ಕೇಳಿದ್ದೀರಿ. ಹುಟ್ಟಿದ ಮಗು ಬದುಕುತ್ತದೆಂಬ ಭರವಸೆ ಬಂದಾಗ ಹೆಚ್ಚು ಹೆರುವ ಅಗತ್ಯ ತಪ್ಪುತ್ತದೆ. ಹೆಣ್ಣುಮಕ್ಕಳು ಶಾಲೆ ಮುಗಿಸಿ ತಡವಾಗಿ ಮದುವೆಯಾದಾಗ ಜನನ ಇನ್ನೂ ಇಳಿಯುತ್ತದೆ. ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 2.85 ಇದ್ದದ್ದು 2019-20ರಲ್ಲಿ 1.7ಕ್ಕೆ ಇಳಿದಿದೆ. ತಂದೆತಾಯಿಯರ ಸ್ಥಾನವನ್ನು ಮಕ್ಕಳು ತುಂಬಲು ಸುಮಾರು 2.1 ಬೇಕು.

ಹಾಗಾದರೆ ಸಂಖ್ಯೆ ಇನ್ನೂ ಏಕೆ ಏರುತ್ತಿದೆ? ಚಿಂತಾಮಣಿಯಿಂದ ಟೊಮೆಟೊ ತುಂಬಿಕೊಂಡು ಹೊರಟ ಲಾರಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಹಿಂದಿನ ದಶಕಗಳಲ್ಲಿ ಹುಟ್ಟಿದವರು ಈಗ ತಾಯ್ತಂದೆಯರು. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆಯಾದರೂ ತಾಯಂದಿರ ಸಂಖ್ಯೆಯೇ ಹೆಚ್ಚು. ಇದೇ ಜನಸಂಖ್ಯೆಯ ಆವೇಗ.

ಬೆಂಗಳೂರಿನ ಸೆಳೆತ

ಮೊದಲಿನ ಪ್ರಶ್ನೆಗೆ ಮರಳೋಣ. ರಾಜ್ಯದ ಲೆಕ್ಕದಿಂದ ಬೆಂಗಳೂರು ನಗರ ಜಿಲ್ಲೆಯನ್ನು ತೆಗೆದುಹಾಕಿ ನೋಡಿ. ಉಳಿದ ಕರ್ನಾಟಕದ ಬೆಳವಣಿಗೆ ಸುಮಾರು ಶೇ. 11 ಮಾತ್ರ. ಅಂದರೆ ಚಿಕ್ಕಬಳ್ಳಾಪುರದ ಶೇ. 9 ಅಷ್ಟೇನೂ ವಿಚಿತ್ರವಲ್ಲ. ಬೆಂಗಳೂರೇ ರಾಜ್ಯದ ಸರಾಸರಿಯನ್ನು ಮೇಲೆತ್ತಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ದುಡಿಮೆ ಕೊಡುತ್ತದೆ ನಿಜ. ಆದರೆ ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿ ಬತ್ತಿದಾಗ ರೈತನ ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಮದುವೆಯಾಗಿ ಹೋಗುವ ಹೆಣ್ಣುಮಗಳನ್ನು ಯಾರೂ ವಲಸಿಗಳೆನ್ನುವುದಿಲ್ಲ. ಆದರೆ ಗಣತಿಯ ಪ್ರಕಾರ ಭಾರತದಲ್ಲಿ ಮಹಿಳೆಯರ ವಲಸೆಗೆ ಮದುವೆಯೇ ಅತಿ ದೊಡ್ಡ ಕಾರಣ. ಇತ್ತ ಜನ ಬೆಂಗಳೂರಿಗೆ ಹೋದರು. ಅತ್ತ ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಗೊಂಡು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಎರಡು ಊರುಗಳ ಲೆಕ್ಕ ಹೀಗೆ ಹೆಣೆದುಕೊಂಡಿದೆ.

ಇದರಿಂದ ನಮಗೇನು?

ಸಂಖ್ಯೆಯಷ್ಟೇ ಅಲ್ಲ, ಅದರೊಳಗಿನ ವಯಸ್ಸೂ ಮುಖ್ಯ. ಮಕ್ಕಳು ಕಡಿಮೆಯಾಗಿ ಯುವಕರು ಊರು ಬಿಟ್ಟರೆ ಶಾಲೆಯ ಬೆಂಚುಗಳು ಖಾಲಿಯಾಗುತ್ತವೆ. ಆಸ್ಪತ್ರೆಯ ಮುಂದೆ ವೃದ್ಧರ ಸಾಲು ಬೆಳೆಯುತ್ತದೆ. ಎಲ್ಲಿ ಶಾಲೆ, ಎಲ್ಲಿ ವೈದ್ಯರು, ಎಷ್ಟು ನೀರು ಎಂದು ತೀರ್ಮಾನಿಸಲು ಸರಿಯಾದ ಲೆಕ್ಕ ಬೇಕು. 2021ರ ಜನಗಣತಿ ಮುಂದೂಡಲ್ಪಟ್ಟಿತು; ಮುಂದಿನ ಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ.

ಅದಕ್ಕೆ ಮೊದಲು ನೀವೇ ಒಂದು ಗಣತಿ ಮಾಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ: ಹುಟ್ಟಿದವರು, ತೀರಿಕೊಂಡವರು, ಬಂದವರು, ಹೋದವರು. ಅಜ್ಜಿಯನ್ನು ಕೇಳಿ ಮೂರು ತಲೆಮಾರುಗಳ ಲೆಕ್ಕ ಬರೆಯಿರಿ. ಯಾವ ಅಂಕಣ ಯಾವ ತಲೆಮಾರಿನಲ್ಲಿ ದೊಡ್ಡದು ಎಂದು ಗಮನಿಸಿ. ದೇಶದ ಚರಿತ್ರೆಯನ್ನು ನಿಮ್ಮ ಮನೆಯ ಪುಟದಲ್ಲೇ ಓದಬಹುದು.